ಒಂದಿರುಳ ವಸತಿ: ಊರಿನ ವಾಡೆಯೋ, ಪಟ್ಟಣದ ಹೋಟೆಲೋ?

(ಉಪನ್ಯಾಸದ ಪಠ್ಯ)



ಪರಿಸರದ ಮಾತು ಬಂದೊಡನೆ ಅಣೆಕಟ್ಟು, ಗಣಿ, ಕಾಡಿನ ನಾಶ ಮೊದಲಾದ ದೊಡ್ಡ ಸಂಗತಿಗಳು ಮನಸ್ಸಿಗೆ ಬರುವುದು ಸಹಜ. ಅವುಗಳ ಮುಂದೆ ಇಂದಿನ ವಿಷಯ ಬಹಳ ಚಿಕ್ಕದಾಗಿ ಕಾಣಬಹುದು. ಪರಊರಿಗೆ ಹೋದವರು ರಾತ್ರಿ ಎಲ್ಲಿ ತಂಗಬೇಕು ಎಂಬುದಷ್ಟೇ ಆ ವಿಷಯ. ಆದರೆ ಈ ಚಿಕ್ಕ ಪ್ರಶ್ನೆಯ ಬೇರು ನೀರಿನಲ್ಲಿದೆ. ಆ ನೀರಿನ ಬೇರು ಮಲೆನಾಡಿನಲ್ಲಿದೆ. ಆದುದರಿಂದ ಬಯಲುಸೀಮೆಯ ಒಂದು ಸಂಗತಿಯನ್ನು ಗುಡ್ಡಗಾಡಿನ ಜನರ ಮುಂದೆ ಇಡುವುದು ಅಸಂಗತವಲ್ಲ.

ಧಾರವಾಡ ಜಿಲ್ಲೆಯ ಗ್ರಾಮಭಾಗದಲ್ಲಿ ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಎಂಬ ನಾಲ್ಕು ಊರುಗಳಿವೆ. ನಾಲ್ಕಕ್ಕೂ ಹುಬ್ಬಳ್ಳಿಯಿಂದ ಸುಮಾರು ಒಂದು ಗಂಟೆಯೊಳಗಿನ ದಾರಿ. ಅಮೃತೇಶ್ವರ ದೇವಾಲಯವನ್ನು ನೋಡಲು ಅಣ್ಣಿಗೇರಿಗೆ ಬಂದ ವಿದ್ಯಾರ್ಥಿ ತಂಡ, ಸಂಗೀತ ಕೇಳಲು ಕುಂದಗೋಳಕ್ಕೆ ಬಂದ ರಸಿಕರು, ಜಾತ್ರೆಗೆಂದು ಯಮನೂರಿಗೆ ಬಂದ ಕುಟುಂಬ, ಇವರೆಲ್ಲರ ಮುಂದೆ ಸಂಜೆಯಾಗುತ್ತಲೇ ಎರಡು ದಾರಿಗಳು ತೆರೆದುಕೊಳ್ಳುತ್ತವೆ. ಊರಿನ ಮಠ, ಧರ್ಮಶಾಲೆ, ಹಳೆಯ ವಾಡೆ ಅಥವಾ ಪರಿಚಿತರ ಪಡಸಾಲೆಯಲ್ಲಿ ತಂಗುವುದು ಒಂದು ದಾರಿ. ಕೊನೆಯ ಬಸ್ಸು ಹಿಡಿದು ಹುಬ್ಬಳ್ಳಿಯ ಹೋಟೆಲಿನ ಕೋಣೆ ಸೇರುವುದು ಇನ್ನೊಂದು. ಬಹುಪಾಲು ಜನ ಎರಡನೆಯದನ್ನೇ ಆರಿಸುತ್ತಾರೆ. ಅದಕ್ಕೆ ಕಾರಣಗಳೂ ಇವೆ. ಆ ಕಾರಣಗಳನ್ನು ಅಲ್ಲಗಳೆಯದೆ, ಎರಡು ದಾರಿಗಳ ನಿಜವಾದ ಬೆಲೆಯನ್ನು ತೂಗಿ ನೋಡುವುದು ಈ ಉಪನ್ಯಾಸದ ಉದ್ದೇಶ.

ಸತ್ರದಿಂದ ಸರಾಯಿಯವರೆಗೆ

ದಾರಿಹೋಕನಿಗೆ ನೀರು, ಅನ್ನ, ನೆರಳು ಒದಗಿಸುವುದು ಕನ್ನಡನಾಡಿನಲ್ಲಿ ಬಹು ಪುರಾತನವಾದ ಸಾರ್ವಜನಿಕ ಕಾರ್ಯ. ಸತ್ರ, ಅರವಂಟಿಗೆ ಎಂಬ ಪದಗಳು ಹಳೆಯ ಶಾಸನಗಳಲ್ಲಿಯೇ ದೊರೆಯುತ್ತವೆ. ತಪಸ್ವಿಗಳ ಮತ್ತು ವಿದ್ಯಾರ್ಥಿಗಳ ಆಹಾರಕ್ಕೆಂದು ಭೂಮಿಯನ್ನು ದತ್ತಿ ಬಿಟ್ಟ ಉಲ್ಲೇಖಗಳು ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳಲ್ಲಿ ಹೇರಳವಾಗಿವೆ. ಅಣ್ಣಿಗೇರಿಯು ಆ ವಂಶದ ಕೊನೆಯ ಅರಸನಾದ ನಾಲ್ಕನೆಯ ಸೋಮೇಶ್ವರನಿಗೆ ಹನ್ನೆರಡನೆಯ ಶತಮಾನದ ಕೊನೆಯಲ್ಲಿ ರಾಜಧಾನಿಯಾಗಿದ್ದ ಊರು. ರಾಜಧಾನಿಯೆಂದ ಮೇಲೆ ಯಾತ್ರಿಕರು, ವರ್ತಕರು, ಪಂಡಿತರು ಬಂದುಹೋಗುವುದು ಇದ್ದೇ ಇರುತ್ತದೆ. ಮುಂದಿನ ಶತಮಾನಗಳಲ್ಲಿ ಈ ಹೊಣೆಯನ್ನು ಮಠಗಳ ದಾಸೋಹ, ಊರಿನ ಚಾವಡಿ, ದರ್ಗಾಗಳ ಮುಸಾಫಿರಖಾನೆ ಮತ್ತು ಗೌಡ-ದೇಸಾಯಿಗಳ ವಾಡೆಗಳು ಹೊತ್ತುಕೊಂಡವು.

ಕಲಘಟಗಿಯ ಕಥೆ ತುಸು ಭಿನ್ನವಾದದ್ದು. ಅದು ಬಯಲು ಮುಗಿದು ಮಲೆನಾಡು ಆರಂಭವಾಗುವ ಗಡಿಯಲ್ಲಿದೆ. ಹುಬ್ಬಳ್ಳಿಯಿಂದ ಕಲಘಟಗಿ, ಯಲ್ಲಾಪುರ, ಅರಬೈಲು ಘಟ್ಟದ ಮೂಲಕ ಕರಾವಳಿಗೆ ಇಳಿಯುವ ದಾರಿ ಹತ್ತಿಯ ದಾರಿಯೂ ಆಗಿತ್ತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಸಿಗದಂತಾದಾಗ, ಧಾರವಾಡ ಸೀಮೆಯ ಕರಿಮಣ್ಣಿನ ಹತ್ತಿಗೆ ಹಿಂದೆಂದೂ ಇಲ್ಲದ ಬೇಡಿಕೆ ಬಂದಿತು. ಹತ್ತಿ ತುಂಬಿದ ಚಕ್ಕಡಿಗಳು ಘಟ್ಟವಿಳಿದು ಕುಮಟಾ, ಕಾರವಾರದ ಬಂದರುಗಳನ್ನು ಸೇರುತ್ತಿದ್ದವು. ಎತ್ತಿನ ಗಾಡಿಯ ಪಯಣವೆಂದರೆ ದಾರಿಯಲ್ಲಿ ಹಲವು ರಾತ್ರಿಗಳ ವಸತಿ. ಎತ್ತಿಗೆ ಮೇವು, ಗಾಡಿಯವನಿಗೆ ಒಲೆ ಹೂಡಲು ಮೂರು ಕಲ್ಲು, ಎಲ್ಲರಿಗೂ ಒಂದು ಬಾವಿ ಅಥವಾ ಕೆರೆ, ಇವಿಷ್ಟು ಇದ್ದಲ್ಲಿ ತಂಗುದಾಣ ತಾನಾಗಿ ರೂಪುಗೊಳ್ಳುತ್ತಿತ್ತು. ನೀರಿಲ್ಲದ ಕಡೆ ತಂಗುದಾಣವೂ ಇರುತ್ತಿರಲಿಲ್ಲ. ವಸತಿಯ ಪ್ರಮಾಣವನ್ನು ಸ್ಥಳೀಯ ನೀರೇ ನಿರ್ಧರಿಸುತ್ತಿತ್ತು ಎಂಬ ಈ ಅಂಶವನ್ನು ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು.

ಬ್ರಿಟಿಷ್ ಆಡಳಿತವು 1867ರಲ್ಲಿ ಸರಾಯಿ ಕಾಯ್ದೆಯೊಂದನ್ನು ತಂದಿತು. ಪ್ರಯಾಣಿಕರಿಗೆ ತಂಗಲು ಸ್ಥಳ ಕೊಡುವವರು ಸರಾಯಿಯನ್ನು ನೋಂದಾಯಿಸಬೇಕು, ಕೋಣೆ, ಜಗಲಿ, ಚರಂಡಿಗಳನ್ನು ಶುಚಿಯಾಗಿಡಬೇಕು, ಗೋಡೆ ಮತ್ತು ಮಾಳಿಗೆಗಳನ್ನು ದುರಸ್ತಿಯಲ್ಲಿಡಬೇಕು, ಕಾವಲುಗಾರನನ್ನು ನೇಮಿಸಬೇಕು, ದರಪಟ್ಟಿಯನ್ನು ಕಾಣುವಂತೆ ತೂಗುಹಾಕಬೇಕು ಎಂದು ಅದು ವಿಧಿಸಿತು. ನೀರು ಬರುವ ಬಾವಿ, ಕೆರೆ ಮುಂತಾದ ಮೂಲಗಳನ್ನು ಸ್ವಚ್ಛವಾಗಿಡುವುದೂ ಸರಾಯಿ ನಡೆಸುವವನ ಕರ್ತವ್ಯವೆಂದು ಆ ಕಾಯ್ದೆಯಲ್ಲಿ ಬರೆಯಲಾಗಿತ್ತು. ಅತಿಥಿಗೆ ನೀರು ಕೊಡುವವನೇ ನೀರಿನ ಮೂಲವನ್ನು ಕಾಯಬೇಕೆಂಬ ಈ ನಿಯಮದಲ್ಲಿ ಇಂದಿಗೂ ಕಲಿಯುವುದಿದೆ.

1880ರ ದಶಕದಲ್ಲಿ ಹುಬ್ಬಳ್ಳಿಗೆ ರೈಲು ಬಂದಿತು. ಅಣ್ಣಿಗೇರಿಯೂ ಕುಂದಗೋಳವೂ ರೈಲು ನಿಲ್ದಾಣಗಳಾದವು. ಹಲವು ದಿನಗಳ ದಾರಿ ಕೆಲವೇ ಗಂಟೆಗಳದಾಯಿತು. ಗಾಡಿದಾರಿಯ ತಂಗುದಾಣಗಳು ಬರಿದಾದವು. ಜಗತ್ತಿನ ಅನೇಕ ಕಡೆ ಹೀಗೆಯೇ ನಡೆದಿದೆ. ಲಂಡನ್ನಿನ ಸದರ್ಕ್ ಎಂಬಲ್ಲಿ ‘ಜಾರ್ಜ್ ಇನ್’ ಎಂಬ ಹಳೆಯ ಪಬ್ ಇದೆ. ಒಂದು ಕಾಲಕ್ಕೆ ಅದು ಕುದುರೆಗಾಡಿಯ ಪ್ರಯಾಣಿಕರ ವಸತಿಗೃಹವಾಗಿತ್ತು. 1677ರಲ್ಲಿ ಮರಳಿ ಕಟ್ಟಿದ, ಅಂಗಳದ ಸುತ್ತ ಮರದ ಮೊಗಸಾಲೆಗಳಿದ್ದ ಆ ಕಟ್ಟಡದ ಬಹುಭಾಗವನ್ನು 1889ರಲ್ಲಿ ರೈಲ್ವೆ ಕಂಪನಿಯೇ ಕೆಡವಿತು. ಉಳಿದ ಒಂದು ಪಾರ್ಶ್ವವು 1937ರಲ್ಲಿ ‘ನ್ಯಾಷನಲ್ ಟ್ರಸ್ಟ್’ ಎಂಬ ಸಂರಕ್ಷಣಾ ಸಂಸ್ಥೆಯ ವಶಕ್ಕೆ ಬಂದು ಉಳಿದುಕೊಂಡಿತು. ಈಗಲೂ ಅಲ್ಲಿ ಜನ ಕುಳಿತು ಉಣ್ಣುತ್ತಾರೆ, ಕುಡಿಯುತ್ತಾರೆ. ಕಟ್ಟಡವನ್ನು ಬಳಕೆಯಲ್ಲಿಟ್ಟೇ ಉಳಿಸಿದ್ದಾರೆ ಎಂಬುದು ಅಲ್ಲಿನ ವಿಶೇಷ.

ಕುಂದಗೋಳದ ವಾಡೆ

ಬಳಕೆಯಿಂದಲೇ ಉಳಿದ ಕಟ್ಟಡಕ್ಕೆ ಉದಾಹರಣೆ ಹುಡುಕಲು ಲಂಡನ್ನಿಗೆ ಹೋಗಬೇಕಾಗಿಲ್ಲ. ಕುಂದಗೋಳದ ನಾಡಿಗೇರ ವಾಡೆ ಹತ್ತಿರದಲ್ಲೇ ಇದೆ. ಸ್ವಾತಂತ್ರ್ಯಪೂರ್ವದಲ್ಲಿ ಕುಂದಗೋಳವು ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ಉಸ್ತಾದ್ ಅಬ್ದುಲ್ ಕರೀಂ ಖಾನರ ಶಿಷ್ಯರಾಗಿ ಕಿರಾನಾ ಗಾಯಕಿಯನ್ನು ಬೆಳಗಿದ ರಾಮಭಾವು ಕುಂದಗೋಳಕರರು, ಎಂದರೆ ಸವಾಯಿ ಗಂಧರ್ವರು (1886–1952), ಈ ಊರಿನ ಹೆಸರನ್ನೇ ಹೊತ್ತವರು. ನಾಡಿಗೇರ ಮನೆತನ ಅವರಿಗೆ ಆಶ್ರಯವಾಗಿ ನಿಂತಿತು. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಬಂದು ಪಾಠ ಹೇಳಿಸಿಕೊಂಡು ಹೋಗುತ್ತಿದ್ದರು. ಭೀಮಸೇನ ಜೋಶಿಯವರು ಗುರುವಿನ ಮನೆಯಲ್ಲೇ ಉಳಿದು, ನೀರು ಹೊತ್ತು, ಸೇವೆ ಮಾಡಿ ವಿದ್ಯೆ ಪಡೆದರು. ಗುರುಗಳು ತೀರಿಕೊಂಡ ಬಳಿಕ ಅವರ ನೆನಪಿನ ಸಂಗೀತೋತ್ಸವ ಈ ವಾಡೆಯಲ್ಲಿ ನಡೆಯುತ್ತ ಬಂದಿದೆ.

ಈ ಉತ್ಸವದ ಸ್ವರೂಪವನ್ನು ವಸತಿಯ ದೃಷ್ಟಿಯಿಂದ ನೋಡಬೇಕು. ಹಾಡುಗಾರಿಕೆ ರಾತ್ರಿಯಿಡೀ ನಡೆಯುತ್ತದೆ. ಕೇಳುಗರು ನೆಲದ ಮೇಲೆ ಹಾಸಿದ ಜಮಖಾನೆಯಲ್ಲಿ ಕುಳಿತು ಬೆಳಗು ಮಾಡುತ್ತಾರೆ. ನಿದ್ದೆ ಬಂದವರು ಕಂಬಕ್ಕೆ ಒರಗುತ್ತಾರೆ. ಹಳ್ಳಿಯ ಒಕ್ಕಲಿಗನೂ ಪಟ್ಟಣದ ವಿದ್ವಾಂಸನೂ ಒಂದೇ ಹಾಸಿನ ಮೇಲಿರುತ್ತಾರೆ. ಅಲ್ಲಿ ಸಂಗೀತ ಸಭೆಯೂ ವಸತಿಯೂ ಬೇರೆಬೇರೆಯಲ್ಲ. ಅದೇ ಕಾರ್ಯಕ್ರಮವನ್ನು ಪಟ್ಟಣದ ಹವಾನಿಯಂತ್ರಿತ ಸಭಾಂಗಣಕ್ಕೆ ಒಯ್ದರೆ ಹಾಡು ಉಳಿಯುತ್ತದೆ, ಆದರೆ ಗಂಟೆಯ ಲೆಕ್ಕದ ಬಾಡಿಗೆ ಬೆಳಗಿನ ರಾಗಗಳನ್ನು ನುಂಗುತ್ತದೆ. ಕೇಳುಗರು ಮಧ್ಯರಾತ್ರಿಗೆ ಎದ್ದು ಹುಬ್ಬಳ್ಳಿಯ ಕೋಣೆಗೆ ಹೊರಟುಹೋದರೂ ವಾಡೆಯ ಪಾಡು ಅದೇ. ಮಂದಿ ಬಾರದ ಮನೆಯ ಮಾಳಿಗೆಗೆ ಮಣ್ಣು ಹಾಕಿಸುವ ಉತ್ಸಾಹ ಯಾರಿಗೂ ಇರುವುದಿಲ್ಲ.

ಇಲ್ಲಿ ಕಟ್ಟಡದ ಬಗೆಗೆ ಒಂದೆರಡು ಮಾತು ಅವಶ್ಯ. ಈ ಸೀಮೆಯ ಹಳೆಯ ಮನೆಗಳದು ದಪ್ಪ ಗೋಡೆ, ತೊಲೆ-ಜಂತಿಗಳ ಮೇಲೆ ಮಣ್ಣಿನ ಮೇಲ್ಮುದ್ದೆ, ನಡುವೆ ಬೆಳಕಿಂಡಿ. ಬೇಸಿಗೆಯ ಧಗೆ ಒಳಗೆ ಇಳಿಯುವ ಹೊತ್ತಿಗೆ ಹೊರಗೆ ಸಂಜೆಯ ತಂಪಾಗಿರುತ್ತದೆ. ಮಳೆಗಾಲಕ್ಕೆ ಮುನ್ನ ಮೇಲ್ಮುದ್ದೆಗೆ ಸವುಳು ಮಣ್ಣು ಹಾಕಿ ತುಳಿದರೆ ನೀರು ಜಾರಿಹೋಗುತ್ತದೆ. ಇದು ಪ್ರತಿವರ್ಷ ಆಗಲೇಬೇಕಾದ ಕೆಲಸ. ಒಂದೆರಡು ವರ್ಷ ತಪ್ಪಿದರೆ ಜಂತಿಗೆ ನೀರಿಳಿದು ಮನೆ ಕುಸಿಯತೊಡಗುತ್ತದೆ. 2019ರ ಆಗಸ್ಟ್ ತಿಂಗಳ ಅತಿವೃಷ್ಟಿಯಲ್ಲಿ ಮಲಪ್ರಭೆಯೂ ಬೆಣ್ಣಿಹಳ್ಳವೂ ಉಕ್ಕಿದಾಗ ಈ ಭಾಗದ ಮಣ್ಣಿನ ಮನೆಗಳು ಬಹಳ ಸಂಖ್ಯೆಯಲ್ಲಿ ಬಿದ್ದವು. ಮಣ್ಣಿನ ಕಟ್ಟಡ ಎಲ್ಲವನ್ನೂ ತಾಳಿಕೊಳ್ಳುತ್ತದೆ ಎಂದು ಹೊಗಳುವುದು ತಪ್ಪು. ಅದು ಆರೈಕೆಯನ್ನು ಬೇಡುವ ಕಟ್ಟಡ. ಆರೈಕೆಗೆ ಕೈಗಳೂ ಕಾಸೂ ಬೇಕು.

ನವಲಗುಂದದ ಹಾಸಿಗೆ

ನವಲಗುಂದದ ಹೆಸರಿನೊಂದಿಗೆ ಜಮಖಾನೆ ಹೊಂದಿಕೊಂಡಿದೆ. ನೆಟ್ಟಗೆ ನಿಲ್ಲಿಸಿದ ಮಗ್ಗದಲ್ಲಿ ಹತ್ತಿಯ ನೂಲಿನಿಂದ ನೇಯುವ ಈ ಹಾಸುಗಳಲ್ಲಿ ನವಿಲು, ಪಗಡೆಯ ಪಟ ಮೊದಲಾದ ವಿನ್ಯಾಸಗಳಿರುತ್ತವೆ. ನೇಯುವವರು ಮುಖ್ಯವಾಗಿ ಊರಿನ ಮುಸ್ಲಿಂ ಹೆಣ್ಣುಮಕ್ಕಳು. ಇದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ಆದರೆ ಮಾನ್ಯತೆಯಿಂದ ಮಗ್ಗ ತಾನೇ ನಡೆಯುವುದಿಲ್ಲ, ನೇಯುವ ಕುಟುಂಬಗಳು ಕಡಿಮೆಯಾಗುತ್ತಲೇ ಬಂದಿವೆ. ಜಮಖಾನೆ ಮೂಲತಃ ಬಂದವರಿಗೆ ಹಾಸುವ ವಸ್ತು. ಮಠದಲ್ಲಿ, ವಾಡೆಯಲ್ಲಿ, ಮದುವೆಯ ಮನೆಯಲ್ಲಿ ಹತ್ತು ಮಂದಿ ಒಟ್ಟಿಗೆ ಕೂರಲು, ಮಲಗಲು ಅದು ಬೇಕಾಗುತ್ತಿತ್ತು. ಅಂಥ ವಸತಿ ತಗ್ಗಿದಂತೆ ಅದರ ಬೇಡಿಕೆಯೂ ತಗ್ಗಿತು. ಹೋಟೆಲಿನ ಕೋಣೆಯಲ್ಲಿ ಅದಕ್ಕೆ ಸ್ಥಳವಿಲ್ಲ; ಇದ್ದರೂ ಗೋಡೆಯ ಮೇಲೆ ಅಲಂಕಾರವಾಗಿ ಮಾತ್ರ. ಕಲಘಟಗಿಯ ಬಣ್ಣದ ತೊಟ್ಟಿಲಿಗೆ ಇನ್ನೂ ಹೆಸರಿದೆ, ಏಕೆಂದರೆ ಮಗು ಹುಟ್ಟಿದ ಮನೆಗೆ ತೊಟ್ಟಿಲು ಬೇಕೇ ಬೇಕು. ಬಳಕೆ ಇದ್ದಷ್ಟು ಕಾಲ ಕುಶಲಕರ್ಮ ಬಾಳುತ್ತದೆ ಎಂಬುದಕ್ಕೆ ಒಂದೇ ಜಿಲ್ಲೆಯ ಈ ಎರಡು ವಸ್ತುಗಳು ಸಾಕ್ಷಿ.

ನವಲಗುಂದ ತಾಲ್ಲೂಕಿನ ಯಮನೂರಿನಲ್ಲಿ, ಬೆಣ್ಣಿಹಳ್ಳದ ದಡದಲ್ಲಿ, ಚಾಂಗದೇವ ಮತ್ತು ರಾಜಾಬಾಗಸವಾರ ಎಂಬ ಎರಡು ಹೆಸರುಗಳಿಂದ ಪೂಜೆಗೊಳ್ಳುವ ಸಂತರ ಸ್ಥಾನವಿದೆ. ಹಿಂದೂಗಳೂ ಮುಸಲ್ಮಾನರೂ ಅಲ್ಲಿಗೆ ನಡೆದುಕೊಳ್ಳುತ್ತಾರೆ. ಜಾತ್ರೆಗೆ ಬಂದವರು ರೊಟ್ಟಿ, ಶೇಂಗಾ ಹಿಂಡಿಯ ಬುತ್ತಿ ಕಟ್ಟಿಕೊಂಡು, ಬಯಲಿನಲ್ಲಿ, ಪರಿಚಿತರ ಕಟ್ಟೆಯ ಮೇಲೆ ತಂಗಿ ಹೋಗುತ್ತಾರೆ. ನವಲಗುಂದದಲ್ಲಿಯೇ ಇರುವ ಅಜಾತ ನಾಗಲಿಂಗ ಸ್ವಾಮಿಗಳ ಮಠಕ್ಕೂ ಭಕ್ತರು ಬರುತ್ತಾರೆ. ಈ ಸ್ಥಳಗಳ ಆತಿಥ್ಯ ಇನ್ನೂ ಜೀವಂತವಾಗಿದೆ. ಅದು ದುಡ್ಡಿನ ಲೆಕ್ಕಕ್ಕೆ ಸಿಗದುದರಿಂದ ಪ್ರವಾಸೋದ್ಯಮದ ಅಂಕಿಅಂಶಗಳಲ್ಲಿ ಕಾಣುವುದಿಲ್ಲ, ಅಷ್ಟೇ.

ಹೋಟೆಲಿನ ನಲ್ಲಿಯ ಹಿಂದೆ

ಈಗ ಮೂಲ ಪ್ರಶ್ನೆಗೆ ಬರಬಹುದು. ಕಟ್ಟಡಗಳ ನೀರಿನ ಪೂರೈಕೆಯನ್ನು ಯೋಜಿಸುವಾಗ ದೇಶದಲ್ಲಿ ಬಳಸುವ ಮಾನದಂಡದ ಪ್ರಕಾರ ಸಾಮಾನ್ಯ ಹೋಟೆಲಿಗೆ ಒಂದು ಹಾಸಿಗೆಗೆ ದಿನಕ್ಕೆ 180 ಲೀಟರ್ ನೀರು ಬೇಕು. ಹೆಚ್ಚು ತಾರೆಗಳ ಐಷಾರಾಮಿ ಹೋಟೆಲಿಗೆ 320 ಲೀಟರ್. 2019ರಲ್ಲಿ ಆರಂಭವಾದ ಜಲಜೀವನ ಮಿಷನ್ ಗ್ರಾಮೀಣ ವ್ಯಕ್ತಿಯೊಬ್ಬನಿಗೆ ನಿಗದಿಪಡಿಸಿದ ಪ್ರಮಾಣ ದಿನಕ್ಕೆ 55 ಲೀಟರ್. ಐವತ್ತು ಕೋಣೆಗಳ, ನೂರು ಹಾಸಿಗೆಗಳ ಒಂದು ಸಾಮಾನ್ಯ ಹೋಟೆಲನ್ನು ಊಹಿಸಿಕೊಂಡರೆ ದಿನಕ್ಕೆ 18,000 ಲೀಟರ್ ಬೇಕಾಗುತ್ತದೆ. ಅದು ಗ್ರಾಮೀಣ ಪ್ರಮಾಣದಲ್ಲಿ 327 ಜನರ ಪಾಲಿನ ನೀರು. ಐಷಾರಾಮಿ ಹೋಟೆಲಾದರೆ 32,000 ಲೀಟರ್. ಸುಮಾರು 580 ಜನರ ಪಾಲು. ದಿನವೂ ಬದಲಿಸುವ ಹೊದಿಕೆ, ಟವೆಲುಗಳನ್ನು ಒಗೆಯುವುದು, ತೊಟ್ಟಿ ಸ್ನಾನ, ಒಂದೇ ಒತ್ತಿಗೆ ಬರಿದಾಗುವ ಶೌಚದ ತೊಟ್ಟಿ, ಅಡುಗೆಮನೆ ಇವುಗಳಲ್ಲಿ ಆ ನೀರು ಹೋಗುತ್ತದೆ. ಹಳ್ಳಿಯ ಬಚ್ಚಲಿನಲ್ಲಿ ಎರಡು ಬಕೆಟ್ಟಿನಲ್ಲಿ ಸ್ನಾನ ಮುಗಿಸುವ ಮನುಷ್ಯನೇ ಹೋಟೆಲಿಗೆ ಹೋದಾಗ ಅದರ ಹಲವು ಪಟ್ಟು ನೀರನ್ನು ಸುರಿಯುತ್ತಾನೆ. ಕಾಣದ ಮೂಲದಿಂದ ಬರುವ ನೀರಿಗೆ ಮುಗಿಯುವ ಭಯವಿಲ್ಲ ಎಂಬುದೇ ಇದರ ಕಾರಣ.

ಆ ಮೂಲ ಯಾವುದು? ಹುಬ್ಬಳ್ಳಿಗೆ ನೀರು ಕೊಡಲು ಕಲಘಟಗಿ ತಾಲ್ಲೂಕಿನ ದುಮ್ಮವಾಡದ ಬಳಿ ಬೇಡ್ತಿಯ ಹಳ್ಳಕ್ಕೆ ನೀರಸಾಗರವನ್ನು ಕಟ್ಟಲಾಯಿತು. ಬರಗಾಲದ ವರ್ಷಗಳಲ್ಲಿ ಅದು ಬತ್ತಿಹೋದದ್ದುಂಟು. ಅವಳಿ ನಗರದ ದೊಡ್ಡ ಆಸರೆ ಮಲಪ್ರಭೆ. ಸವದತ್ತಿಯ ಬಳಿಯ ನವಿಲುತೀರ್ಥದಲ್ಲಿ 1972ರಲ್ಲಿ ಪೂರ್ಣಗೊಂಡ ಅಣೆಕಟ್ಟಿನಿಂದ ನೀರನ್ನೆತ್ತಿ, ಅಮ್ಮಿನಭಾವಿಯಲ್ಲಿ ಶುದ್ಧೀಕರಿಸಿ ಧಾರವಾಡ-ಹುಬ್ಬಳ್ಳಿಗೆ ಹರಿಸಲಾಗುತ್ತದೆ. ಅದೇ ಜಲಾಶಯದ ಕಾಲುವೆಗಳನ್ನು ನವಲಗುಂದದ ರೈತರು ನಂಬಿದ್ದಾರೆ. 1980ರ ಜುಲೈ 21ರಂದು ನವಲಗುಂದ ಮತ್ತು ನರಗುಂದಗಳಲ್ಲಿ ರೈತರ ಮೇಲೆ ಗೋಲಿಬಾರ್ ನಡೆದದ್ದು ಈ ಕಾಲುವೆಯ ಅಭಿವೃದ್ಧಿ ಕರದ ವಿರುದ್ಧದ ಚಳವಳಿಯಲ್ಲಿ. ಕಾಲುವೆಯ ಕೊನೆಯಂಚಿನ ಹೊಲಗಳಿಗೆ ನೀರು ತಲುಪದಿದ್ದರೂ ಕರ ಕಟ್ಟಬೇಕೆಂದದ್ದು ರೈತರ ಸಿಟ್ಟಿಗೆ ಕಾರಣವಾಗಿತ್ತು. ಆ ದಿನವನ್ನು ಈಗಲೂ ಹುತಾತ್ಮ ದಿನವೆಂದು ಆಚರಿಸುತ್ತಾರೆ.

ಮಲಪ್ರಭೆ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ, ಸಹ್ಯಾದ್ರಿಯ ನೆತ್ತಿಯಲ್ಲಿ. ಆ ನದಿಯಲ್ಲಿ ನೀರು ಸಾಲದೆ ಬಂದಾಗ ಪಕ್ಕದ ಮಹದಾಯಿ ಕಣಿವೆಯ ಕಳಸಾ, ಬಂಡೂರಿ ಹಳ್ಳಗಳನ್ನು ತಿರುಗಿಸಬೇಕೆಂಬ ಯೋಜನೆ ಬಂದಿತು. ಮಹದಾಯಿ ನ್ಯಾಯಮಂಡಳಿಯು 2018ರ ಆಗಸ್ಟ್‌ನಲ್ಲಿ ನೀಡಿದ ಐತೀರ್ಪಿನಲ್ಲಿ ಈ ಎರಡರಿಂದ ಒಟ್ಟು 3.90 ಟಿಎಂಸಿ ನೀರನ್ನು ಮಲಪ್ರಭೆಗೆ ತಿರುಗಿಸಲು ಅವಕಾಶ ಕೊಟ್ಟಿತು. ಅವಳಿ ನಗರದ ಮತ್ತು ದಾರಿಯ ಹಳ್ಳಿಗಳ ಕುಡಿಯುವ ನೀರು ಅದರ ಉದ್ದೇಶ. ಹೋಟೆಲುಗಳಿಂದಲೇ ಈ ಯೋಜನೆ ಹುಟ್ಟಿತೆಂದು ಹೇಳಿದರೆ ಅದು ಅತಿಶಯೋಕ್ತಿಯಾದೀತು. ಬಾಯಾರಿದ ನವಲಗುಂದದ ಹಳ್ಳಿಗೆ ನೀರು ಬೇಡವೆನ್ನುವ ಅಧಿಕಾರವೂ ಮಲೆನಾಡಿನವರಿಗಿಲ್ಲ. ಕರಿಮಣ್ಣಿನ ಆ ಸೀಮೆಯಲ್ಲಿ ಬಾವಿ ತೋಡಿದರೆ ಹಲವೆಡೆ ಸಿಗುವುದು ಸವುಳು ನೀರು. ಕುಡಿಯಲು ಕೆರೆಯೇ ಗತಿ. ಆದರೆ ಅಂಥ ಹಳ್ಳಿಯ ಹೆಸರಿನಲ್ಲಿ ತಿರುಗಿಸಿದ ನೀರಿನಲ್ಲಿ ಪಟ್ಟಣದ ತೊಟ್ಟಿ ಸ್ನಾನದ ಪಾಲು ಎಷ್ಟು ಎಂದು ಕೇಳುವ ಅಧಿಕಾರ ಎಲ್ಲರಿಗೂ ಇದೆ. ಆ ಪ್ರಶ್ನೆಯನ್ನು ಮಲೆನಾಡಿನವರೂ ನವಲಗುಂದದವರೂ ಕೂಡಿಯೇ ಕೇಳಬೇಕು.

ಬೇಡ್ತಿಯ ಹೆಸರು ಈ ಗುಡ್ಡಗಾಡಿನ ಜನರಿಗೆ ಹೊಸದಲ್ಲ. 1980ರ ದಶಕದ ಆರಂಭದಲ್ಲಿ ಬೇಡ್ತಿ ಜಲವಿದ್ಯುತ್ ಯೋಜನೆಯನ್ನು ಶಿರಸಿ, ಯಲ್ಲಾಪುರದ ಜನ ಲೆಕ್ಕಾಚಾರ ಸಮೇತ ಪ್ರಶ್ನಿಸಿದ್ದರು. ಧಾರವಾಡದ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆಯೂ ಬೇಡ್ತಿಯ ನೀರೇ. ಅದು ಮಾಗೋಡಿನಲ್ಲಿ ಧುಮುಕಿ, ಗಂಗಾವಳಿಯೆಂಬ ಹೆಸರಿನಿಂದ ಸಮುದ್ರ ಸೇರುತ್ತದೆ. ಪಟ್ಟಣಗಳು ಮೇಲಿನ ಕಣಿವೆಯಲ್ಲಿ ಬೆಳೆದಂತೆ ಕೆಳಗಿನವರು ನೀರಿನ ಪ್ರಮಾಣಕ್ಕೂ ಗುಣಕ್ಕೂ ಚಿಂತಿಸಬೇಕಾಗುತ್ತದೆ. ಹುಬ್ಬಳ್ಳಿ-ಧಾರವಾಡದ ಅಂಚಿನ ಹಳ್ಳಿಗಳಲ್ಲಿ ರೈತರು ಪಟ್ಟಣದ ಚರಂಡಿಯ ನೀರಿನಿಂದಲೇ ತರಕಾರಿ ಬೆಳೆಯುತ್ತ ಬಂದಿದ್ದಾರೆ. ಹೋಟೆಲಿನ ಬಚ್ಚಲಿನಿಂದ ಹೊರಟ ನೀರು ಹೀಗೆ ಯಾರದೋ ಹೊಲದಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ. ವಿದ್ಯುತ್ತಿನ ಮಾತೂ ಇಷ್ಟೇ. ಕೋಣೆಯನ್ನು ತಂಪುಮಾಡುವ ವಿದ್ಯುತ್ತು ಯಾವ ಕಣಿವೆಯದೆಂದು ತಂತಿ ಹೇಳುವುದಿಲ್ಲ. ಆದರೆ ಕಾಳಿಯ ಜಲಾಶಯದಲ್ಲಿ ಸೂಪಾ ಎಂಬ ಊರೇ ಮುಳುಗಿದ್ದನ್ನು ಮರೆಯಲಾಗದು.

ಹಳೆಯದೆಲ್ಲ ಒಳ್ಳೆಯದಲ್ಲ

ಇಷ್ಟು ಹೇಳಿದ ಮೇಲೆ ವಾಡೆ, ಛತ್ರಗಳನ್ನೇ ಆರಿಸಬೇಕೆಂದು ತೀರ್ಮಾನಿಸುವುದು ಸುಲಭ. ಹಾಗೆ ತೀರ್ಮಾನಿಸುವ ಮುನ್ನ ಅವುಗಳ ಬಾಗಿಲಲ್ಲಿ ನಿಲ್ಲಿಸಲ್ಪಟ್ಟವರ ಮಾತನ್ನು ಕೇಳಬೇಕು. ಹಳೆಯ ಛತ್ರಗಳಲ್ಲಿ ಅನೇಕವು ಒಂದು ಜಾತಿಗೆಂದೇ ಕಟ್ಟಿದಂಥವು. ಪಂಕ್ತಿ ಬೇರೆ, ಬಾವಿ ಬೇರೆ, ಕೆಲವರಿಗೆ ಪಡಸಾಲೆಯೂ ಇಲ್ಲ. ದಲಿತ ಪ್ರಯಾಣಿಕನಿಗೆ ಊರ ಹೊರಗಿನ ಮರವೇ ಛತ್ರವಾಗಿತ್ತು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೆಯ ವಿಧಿಯು ಹೋಟೆಲು, ಉಪಾಹಾರ ಗೃಹ, ಬಾವಿ, ಕೆರೆ, ಸ್ನಾನಘಟ್ಟಗಳನ್ನು ಹೆಸರಿಸಿ, ಅಲ್ಲಿ ಜಾತಿಯ ಕಾರಣದಿಂದ ಯಾರನ್ನೂ ತಡೆಯಬಾರದೆಂದು ಸಾರಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆಯು ಧರ್ಮಶಾಲೆ, ಸರಾಯಿ, ಮುಸಾಫಿರಖಾನೆಗಳನ್ನೂ ಈ ವ್ಯಾಪ್ತಿಗೆ ತಂದಿತು. ಇಷ್ಟು ವಿವರವಾಗಿ ಬರೆಯಬೇಕಾಯಿತೆಂದರೆ ಆತಿಥ್ಯದ ಹೆಸರಿನಲ್ಲಿ ಎಷ್ಟು ಅವಮಾನ ನಡೆದಿತ್ತೆಂಬುದನ್ನು ಊಹಿಸಬಹುದು. ಹೋಟೆಲಿನ ಕೋಣೆ ದುಡ್ಡನ್ನು ಕೇಳುತ್ತದೆ, ಕುಲವನ್ನು ಕೇಳುವುದಿಲ್ಲ, ಕೇಳಬಾರದು. ಅನೇಕರ ಪಾಲಿಗೆ ಅದೊಂದು ಬಿಡುಗಡೆ.

ಇದೇ ಮಣ್ಣಿನಲ್ಲಿ ಬೇರೊಂದು ಮಾದರಿಯೂ ಇತ್ತು ಎಂಬುದನ್ನು ಜೊತೆಗೇ ನೆನೆಯಬೇಕು. ಕುಂದಗೋಳ ತಾಲ್ಲೂಕಿನ ಕಳಸದ ಗೋವಿಂದ ಭಟ್ಟರು ಶಿಶುನಾಳದ ಶರೀಫರನ್ನು ಶಿಷ್ಯನಾಗಿ ಸ್ವೀಕರಿಸಿದರು. ಊರಿನ ಆಕ್ಷೇಪಕ್ಕೆ ಅಂಜಲಿಲ್ಲ. ಜಾತಿಯ ಗೋಡೆ ಆ ಕಾಲದಲ್ಲಿಯೂ ಅನಿವಾರ್ಯವಾಗಿರಲಿಲ್ಲ; ಅದನ್ನು ದಾಟಿದವರಿದ್ದರು, ದಾಟದೆ ಉಳಿದವರು ಹೆಚ್ಚಿದ್ದರು.

ಮಹಿಳೆಯರ ಅನುಭವವೂ ಗಣನೆಗೆ ಬರಬೇಕು. ಚಿಲಕವಿಲ್ಲದ ಬಾಗಿಲು, ದೂರದ ಬಯಲು, ಬೆಳಕಿಲ್ಲದ ಬಚ್ಚಲು ಇರುವ ಕಡೆ ಹೆಣ್ಣುಮಗಳೊಬ್ಬಳು ತಂಗಲಿ ಎಂದು ಪರಿಸರದ ಹೆಸರಿನಲ್ಲಿ ಹೇಳುವುದು ಅನ್ಯಾಯ. ಮೆಟ್ಟಿಲು ಹತ್ತಲಾಗದ ವೃದ್ಧರು, ಅಂಗವಿಕಲರು, ಎಳೆಗೂಸಿನ ತಾಯಂದಿರು, ಇವರಿಗೆ ಹೋಟೆಲಿನ ಕೋಣೆ ಐಷಾರಾಮವಲ್ಲ, ಅಗತ್ಯ. ಹಳೆಯ ವಸತಿ ಉಳಿಯಬೇಕಾದರೆ ಮೊದಲು ಇವರಿಗೆ ಯೋಗ್ಯವಾಗಬೇಕು.

ಹಣದ ಮಾತು ಇನ್ನೂ ಮುಖ್ಯ. ಯಲ್ಲಾಪುರ, ಮುಂಡಗೋಡ, ಹಳಿಯಾಳದ ಗುಡ್ಡದ ಹಳ್ಳಿಗಳಿಂದ ರೋಗಿಗಳನ್ನು ಕರೆತರುವುದು ಬಹುಶಃ ಹುಬ್ಬಳ್ಳಿಯ, ಜನ ಕಿಮ್ಸ್ ಎಂದೇ ಕರೆಯುವ ಸರ್ಕಾರಿ ಆಸ್ಪತ್ರೆಗೆ. ರೋಗಿಗೆ ಹಾಸಿಗೆ ಸಿಕ್ಕೀತು. ಜೊತೆಗೆ ಬಂದವರು ಎಲ್ಲಿ ಮಲಗಬೇಕು? ಹದಿನೈದು ದಿನಗಳ ಹೋಟೆಲು ಬಾಡಿಗೆ ಒಂದು ಎಕರೆಯ ಫಸಲನ್ನೇ ತಿಂದುಹಾಕಬಹುದು. ಪರೀಕ್ಷೆಗೆ, ಪ್ರವೇಶಕ್ಕೆ ಧಾರವಾಡದ ವಿಶ್ವವಿದ್ಯಾಲಯಗಳಿಗೆ ಬರುವ ವಿದ್ಯಾರ್ಥಿಗಳ ಪಾಡೂ ಅದೇ. ಇಂಥವರಿಗೆ ಸಿದ್ಧಾರೂಢ ಮಠದಂಥ ಕಡೆ ದೊರೆಯುವ ಅನ್ನ ಮತ್ತು ವಸತಿ ಎಷ್ಟು ದೊಡ್ಡ ಆಸರೆ ಎಂಬುದನ್ನು ಅನುಭವಿಸಿದವರೇ ಬಲ್ಲರು. ಅಗ್ಗದ ಸಾರ್ವಜನಿಕ ವಸತಿ ಇಲ್ಲವಾದರೆ ನಷ್ಟ ಪ್ರವಾಸಿಗನಿಗಲ್ಲ, ಈ ಜನಕ್ಕೆ.

ಬೆಂಗಳೂರಿನ ರೈಲು ನಿಲ್ದಾಣದ ಸಮೀಪದಲ್ಲಿರುವ ತೋಟದಪ್ಪನವರ ಛತ್ರ ಈ ದೃಷ್ಟಿಯಿಂದ ಅಧ್ಯಯನಯೋಗ್ಯ. ವ್ಯಾಪಾರಿಯಾಗಿದ್ದ ಗುಬ್ಬಿ ತೋಟದಪ್ಪನವರು ತಮ್ಮ ಸಂಪಾದನೆಯನ್ನು ಧರ್ಮಸಂಸ್ಥೆಗೆ ಒಪ್ಪಿಸಿ ಕಟ್ಟಿಸಿದ ಛತ್ರ 1903ರಲ್ಲಿ ಆರಂಭವಾಯಿತು. ಜೊತೆಗೆ ವಿದ್ಯಾರ್ಥಿನಿಲಯವೂ ಬೆಳೆಯಿತು. ರೈಲಿನಿಂದ ಗಾಡಿದಾರಿಯ ಛತ್ರಗಳು ಬರಿದಾದವು ನಿಜ. ಅದೇ ರೈಲಿನ ಬಾಗಿಲಲ್ಲಿ ಹೊಸ ಛತ್ರ ಕಟ್ಟಬಹುದೆಂದು ತೋಟದಪ್ಪನವರು ತೋರಿಸಿದರು. ಒಂದು ಶತಮಾನ ಕಳೆದರೂ ಅದು ನಡೆಯುತ್ತಿರುವುದಕ್ಕೆ ಕಾರಣ ಕಟ್ಟಡದ ಹಳಮೆಯಲ್ಲ, ಹಿಂದಿರುವ ದತ್ತಿ ಮತ್ತು ನಿರಂತರ ಆಡಳಿತ.

ಆಯ್ಕೆಯ ಅಳತೆಗೋಲು

ಹಾಗಾದರೆ ಆಯ್ಕೆ ಹೇಗೆ? ‘ಹಳೆಯದು’, ‘ಹೊಸದು’ ಎಂಬ ಹೆಸರುಗಳು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಈಗೀಗ ಹಳೆಯ ವಾಡೆ, ಅರಮನೆಗಳನ್ನೇ ಕೊಂಡು, ಅಂಗಳದಲ್ಲಿ ಈಜುಕೊಳ ತೋಡಿ, ಪಾರಂಪರಿಕ ಹೋಟೆಲೆಂದು ಕರೆಯುವ ರೂಢಿ ದೇಶದ ಹಲವೆಡೆ ಬಂದಿದೆ. ಅಲ್ಲಿ ಗೋಡೆ ಮಾತ್ರ ಹಳೆಯದು. ನೀರಿನ ವೆಚ್ಚ ಐಷಾರಾಮಿ ಹೋಟೆಲಿನದೇ, ಬಾಡಿಗೆಯೂ ಅದೇ. ಊರಿನವರು ಅಲ್ಲಿ ಕಾವಲುಗಾರರಾಗಿ ಮಾತ್ರ ಒಳಹೋಗಬಲ್ಲರು. ಮಲೆನಾಡಿನಲ್ಲಿಯೂ ಹೋಮ್‌ಸ್ಟೇ ಎಂಬ ಹೆಸರಿನಲ್ಲಿ ಆರಂಭವಾದವು ನಿಧಾನವಾಗಿ ರೆಸಾರ್ಟುಗಳಾಗಿ, ಹಳ್ಳದ ನೀರನ್ನು ಮೇಲೆಯೇ ಹಿಡಿದು ಕೆಳಗಿನ ತೋಟಗಳಿಗೆ ತೊಂದರೆ ಕೊಡುವುದನ್ನು ಇಲ್ಲಿನ ಜನ ಕಾಣುತ್ತಿದ್ದಾರೆ.

ಆದುದರಿಂದ ಯಾವ ವಸತಿಯ ಮುಂದೆಯೂ ನಾಲ್ಕು ಪ್ರಶ್ನೆಗಳನ್ನು ಇಡಬೇಕು. ಇಲ್ಲಿಯ ನೀರು ಎಲ್ಲಿಂದ ಬರುತ್ತದೆ? ಬಳಸಿದ ನೀರು, ಕಸ ಎಲ್ಲಿಗೆ ಹೋಗುತ್ತದೆ? ಕೊಟ್ಟ ಹಣ ಯಾರ ಕೈ ಸೇರುತ್ತದೆ? ಈ ಬಾಗಿಲಲ್ಲಿ ಯಾರನ್ನು ತಡೆಯಲಾಗುತ್ತದೆ? ಈ ನಾಲ್ಕಕ್ಕೂ ಸಮಾಧಾನಕರ ಉತ್ತರವಿರುವ ವಸತಿ ವಾಡೆಯಾದರೂ ಸರಿ, ಪಟ್ಟಣದ ಸಾದಾ ಲಾಡ್ಜಾದರೂ ಸರಿ, ಅದನ್ನೇ ಆರಿಸಬೇಕು. ಬಕೆಟ್ಟಿನ ಸ್ನಾನ, ಬಿಸಿಲಿನ ಶಾಖದಿಂದ ಕಾಯುವ ನೀರು, ಪಕ್ಕದ ಖಾನಾವಳಿಯ ಜೋಳದ ರೊಟ್ಟಿ ಇರುವ ಚಿಕ್ಕ ಲಾಡ್ಜು ಈಜುಕೊಳದ ವಾಡೆಗಿಂತ ಮೇಲು.

ಕುಂದಗೋಳ, ಅಣ್ಣಿಗೇರಿಗಳಂಥ ಊರುಗಳಲ್ಲಿ ಉಳಿದಿರುವ ಧರ್ಮಶಾಲೆ, ವಾಡೆ, ಮಠಗಳ ಕೋಣೆಗಳನ್ನು ಯೋಗ್ಯಗೊಳಿಸಲು ಬಹಳ ದೊಡ್ಡ ಬಂಡವಾಳ ಬೇಡ. ವರ್ಷಕ್ಕೊಮ್ಮೆ ಮೇಲ್ಮುದ್ದೆಗೆ ಮಣ್ಣು, ಮಳೆನೀರನ್ನು ಹಿಡಿಯಲು ಒಂದು ತೊಟ್ಟಿ, ಚಿಲಕವಿರುವ ಶೌಚಾಲಯ, ಹೆಣ್ಣುಮಕ್ಕಳಿಗೆ ಪ್ರತ್ಯೇಕ ಕೋಣೆ, ನವಲಗುಂದದ ನಾಲ್ಕು ಜಮಖಾನೆ ಇಷ್ಟಿದ್ದರೆ ಒಂದು ವಿದ್ಯಾರ್ಥಿ ತಂಡ ಸುಖವಾಗಿ ತಂಗಬಹುದು. ಎಲ್ಲ ಜಾತಿ, ಎಲ್ಲ ಮತದವರಿಗೂ ತೆರೆದಿದೆ ಎಂಬ ಮಾತನ್ನು ಬಾಗಿಲ ಮೇಲೆ ಬರೆದು ಹಾಕಬೇಕು. ದರಪಟ್ಟಿಯನ್ನು ತೂಗುಹಾಕಬೇಕೆಂದು 1867ರಲ್ಲಿಯೇ ನಿಯಮ ಮಾಡಬಹುದಾಗಿದ್ದರೆ ಇದನ್ನು ಬರೆಸುವುದು ಇಂದು ಕಷ್ಟವಲ್ಲ. ಆಡಳಿತ ಊರಿನವರ ಕೈಯಲ್ಲಿರಬೇಕು; ಲೆಕ್ಕ ಗ್ರಾಮಸಭೆಯ ಮುಂದೆ ಬರಬೇಕು.

ವಿದ್ಯಾರ್ಥಿಗಳು ಮಾಡಬಹುದಾದ ಕೆಲಸ ಇನ್ನೂ ಹತ್ತಿರದ್ದು. ತಮ್ಮ ತಮ್ಮ ತಾಲ್ಲೂಕಿನಲ್ಲಿ ಎಷ್ಟು ಛತ್ರ, ಧರ್ಮಶಾಲೆ, ಅರವಟ್ಟಿಗೆ, ತಂಗುಗಟ್ಟೆಗಳಿದ್ದವು, ಅವುಗಳ ಬಾವಿಗಳು ಈಗ ಯಾವ ಸ್ಥಿತಿಯಲ್ಲಿವೆ, ದತ್ತಿಯ ಜಮೀನು ಯಾರ ವಶದಲ್ಲಿದೆ, ಯಾರಿಗೆ ಅಲ್ಲಿ ಪ್ರವೇಶವಿರಲಿಲ್ಲ ಎಂಬುದನ್ನು ಹಿರಿಯರನ್ನು ಕೇಳಿ ಬರೆದಿಡಬೇಕು. ಶಾಲಾ ಪ್ರವಾಸಕ್ಕೆ ಹೋದಾಗ ತಂಗಿದ ಸ್ಥಳದಲ್ಲಿ ತಲೆಗೆ ಎಷ್ಟು ಬಕೆಟ್ ನೀರು ಖರ್ಚಾಯಿತೆಂದು ಲೆಕ್ಕ ಹಾಕಬೇಕು. ಈ ಎರಡು ಲೆಕ್ಕಗಳು ಕೂಡಿದರೆ ಯಾವ ಊರಿನಲ್ಲಿ ಏನನ್ನು ಉಳಿಸಬೇಕು, ಏನನ್ನು ಬದಲಿಸಬೇಕು ಎಂಬುದು ತಾನಾಗಿ ಗೋಚರಿಸುತ್ತದೆ.

ಕಣಕುಂಬಿಯಲ್ಲಿ ಬಿದ್ದ ಮಳೆ ನವಿಲುತೀರ್ಥದಲ್ಲಿ ನಿಂತು, ಹುಬ್ಬಳ್ಳಿಯ ನಲ್ಲಿಗೂ ನವಲಗುಂದದ ಕಾಲುವೆಗೂ ಹಂಚಿಹೋಗುತ್ತದೆ. ಒಂದಿರುಳಿಗೆ ತಂಗಿದ ಅತಿಥಿ ಅದರಲ್ಲಿ ತನಗೆ ಬೇಕಾದಷ್ಟನ್ನು ಮಾತ್ರ ತೆಗೆದುಕೊಂಡು, ಉಳಿದುದನ್ನು ನವಲಗುಂದದ ಹೊಲಕ್ಕೂ ಹಳ್ಳಿಯ ಕೊಡಕ್ಕೂ ಬಿಟ್ಟು ಹೊರಡಬೇಕು.